ಹೊಡೆಯದೆಯೂ ಬೇಸ್ ಮುಟ್ಟಿದವರು

2004ರಲ್ಲಿ ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಇಚಿರೊ ಸುಜುಕಿ 262 ಹಿಟ್ ಹೊಡೆದು, 1920ರಿಂದ ಜಾರ್ಜ್ ಸಿಸ್ಲರ್ ಹೆಸರಲ್ಲಿದ್ದ 257ರ ದಾಖಲೆ ಮುರಿದರು. ಅದೇ ವರ್ಷ ಬ್ಯಾರಿ ಬಾಂಡ್ಸ್ ಹೊಡೆದದ್ದು 135 ಹಿಟ್, ಹೆಚ್ಚೂಕಡಿಮೆ ಅರ್ಧ. ಆದರೂ ಬೇಸ್ ಮೇಲೆ ಹೆಚ್ಚು ಸಲ ನಿಂತವರು ಬಾಂಡ್ಸ್. ಅವರದು 376 ಸಲ, ಇಚಿರೊ ಅವರದು 315.

ವ್ಯತ್ಯಾಸ ಇರುವುದು ‘ವಾಕ್’ನಲ್ಲಿ. ಪಿಚರ್ ನಾಲ್ಕು ಸಲ ಗುರಿ ತಪ್ಪಿ ಎಸೆದು, ಬ್ಯಾಟರ್ ಅವಕ್ಕೆ ಬ್ಯಾಟ್ ಬೀಸದೆ ಬಿಟ್ಟರೆ, ಅವನು ಸುಮ್ಮನೆ ನಡೆದು ಮೊದಲ ಬೇಸ್‌ಗೆ ಹೋಗಬಹುದು. ಚೆಂಡು ಮೈಗೆ ಬಡಿದರೂ ಅಷ್ಟೇ. ಹಿಟ್, ವಾಕ್, ಮೈಗೆ ತಾಗಿದ್ದು, ಈ ಮೂರನ್ನೂ ಕೂಡಿಸಿದರೆ ಬೇಸ್ ತಲುಪಿದ ಲೆಕ್ಕ ಸಿಗುತ್ತದೆ. ಕೂಡಿಸುವುದು ಸುಲಭ. ಆದರೆ ಬಹಳ ಕಾಲ ಇದಕ್ಕೆ ಬೆಲೆಯೇ ಇರಲಿಲ್ಲ.

ಕಾರಣದ ಒಂದು ತುದಿ ಕ್ರಿಕೆಟ್‌ನಲ್ಲಿದೆ. ಬೇಸ್‌ಬಾಲ್‌ನ ಸ್ಕೋರ್ ಪಟ್ಟಿಗೆ ರೂಪ ಕೊಟ್ಟವರಲ್ಲಿ ಮುಖ್ಯರಾದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವರು, ಕ್ರಿಕೆಟ್ ವರದಿ ಮಾಡಿದ್ದವರು. (ಹೌದು, ನಮ್ಮ ಹಾಗೆ ಒಬ್ಬ ವರದಿಗಾರ.) ವೈಡ್ ಹೋದರೆ ತಂಡಕ್ಕೆ ರನ್ ಸಿಗುತ್ತದೆ, ಬ್ಯಾಟ್ಸ್‌ಮನ್ ಖಾತೆಗೆ ಸೊನ್ನೆ. ಚಾಡ್ವಿಕ್ ಕಣ್ಣಿಗೆ ವಾಕ್ ಕೂಡ ಪಿಚರ್‌ನ ತಪ್ಪೇ ಹೊರತು ಬ್ಯಾಟರ್‌ನ ಸಾಧನೆಯಲ್ಲ. 1887ರಲ್ಲಿ ಒಂದೇ ಒಂದು ವರ್ಷ ವಾಕ್ ಅನ್ನೂ ಹಿಟ್ ಎಂದು ಬರೆದರು. ಸರಾಸರಿಗಳು ಉಬ್ಬಿಹೋದವು, ಮರುವರ್ಷವೇ ನಿಯಮ ಕೈಬಿಟ್ಟರು.

ಹೀಗಾಗಿ 1923ರಲ್ಲಿ ಬೇಬ್ ರೂತ್ ಮಾಡಿದ್ದು ಅವರ ಹೋಮ್‌ರನ್‌ಗಳ ಸದ್ದಿನಲ್ಲಿ ಮುಚ್ಚಿಹೋಯಿತು. ಆ ವರ್ಷ ಅವರು 205 ಹಿಟ್, 170 ವಾಕ್, ಮೈಗೆ ತಾಗಿದ್ದು 4, ಒಟ್ಟು 379 ಸಲ ಬೇಸ್ ತಲುಪಿದರು. ಒಂದು ಋತುವಿನಲ್ಲಿ ಇದನ್ನು ಇವತ್ತಿಗೂ ಯಾರೂ ದಾಟಿಲ್ಲ.

ಹೆಚ್ಚು ಅನ್ಯಾಯವಾದದ್ದು ಟೆಡ್ ವಿಲಿಯಮ್ಸ್‌ಗೆ ಅಂತ ನನ್ನ ಅನಿಸಿಕೆ. 1941ರಲ್ಲಿ ಅವರು .406 ಸರಾಸರಿಯಲ್ಲಿ ಹೊಡೆದರು. ಆದರೆ ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ಸತತ 56 ಪಂದ್ಯಗಳಲ್ಲಿ ಹಿಟ್ ಹೊಡೆದ ಜೋ ಡಿಮಾಜಿಯೊ ಪಾಲಾಯಿತು. ವಿಲಿಯಮ್ಸ್ 606 ಸಲ ಬ್ಯಾಟ್ ಹಿಡಿದು 335 ಸಲ ಬೇಸ್ ತಲುಪಿದ್ದರು, ಅಂದರೆ ನೂರಕ್ಕೆ 55 ಸಲ. ಡಿಮಾಜಿಯೊ ಅವರದು 44. ಗುರಿ ತಪ್ಪಿದ ಚೆಂಡಿಗೆ ಬ್ಯಾಟ್ ಬೀಸಲಾರೆ ಎಂಬ ವಿಲಿಯಮ್ಸ್ ಹಟವನ್ನು ಸ್ವಾರ್ಥ ಎಂದು ಬಗೆದವರೂ ಇದ್ದರು. ಆ ಹಟದಿಂದ ಬಂದ 147 ವಾಕ್‌ಗಳನ್ನು ತೂಗಲು ತಕ್ಕಡಿಯೇ ಇರಲಿಲ್ಲ.

ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಬ್ರಾಂಚ್ ರಿಕಿ 1947ರಲ್ಲಿ ಅಲನ್ ರಾತ್ ಎಂಬ ಅಂಕಿಅಂಶ ತಜ್ಞನನ್ನು ಕೆಲಸಕ್ಕಿಟ್ಟುಕೊಂಡರು. 1954ರಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಬರೆದು, ಸರಾಸರಿಗಿಂತ ಬೇಸ್ ತಲುಪುವ ಪ್ರಮಾಣ ಮುಖ್ಯ ಎಂದು ವಾದಿಸಿದರು. ಅದು ಅಧಿಕೃತ ಲೆಕ್ಕವಾಗಲು 1984 ಬರಬೇಕಾಯಿತು.

ಮತ್ತೆ ಬಾಂಡ್ಸ್ ವಿಷಯಕ್ಕೆ. ಅವರ ಮೇಲೆ ಉದ್ದೀಪನ ಮದ್ದಿನ ಆರೋಪದ ನೆರಳಿದೆ, ಅದನ್ನು ಬದಿಗಿಟ್ಟು ಓದಲಾಗದು. 2004ರ ಅವರ 232 ವಾಕ್‌ಗಳಲ್ಲಿ 120 ಎದುರಾಳಿಗಳು ಬೇಕೆಂದೇ ಕೊಟ್ಟದ್ದು. ಹೊಡೆಸಿಕೊಳ್ಳುವುದಕ್ಕಿಂತ ಬೇಸ್ ಬಿಟ್ಟುಕೊಡುವುದೇ ಮೇಲು ಅನ್ನಿಸಿತ್ತು ಅವರಿಗೆ. 617 ಅವಕಾಶಗಳಲ್ಲಿ 376 ಸಲ, ಅಂದರೆ ನೂರಕ್ಕೆ 61ರ ಹತ್ತಿರ. ಪ್ರಮಾಣದಲ್ಲಿ ರೂತ್ ಅವರನ್ನು ಎಷ್ಟೋ ಹಿಂದೆ ಹಾಕಿದರು. ಎಣಿಕೆಯಲ್ಲಿ ಮಾತ್ರ ಮೂರು ಕಮ್ಮಿ ಬಿತ್ತು.