ಹನ್ನಳು ಹೊಲಿದ ಅಂಗಿ: ಬೆಂಗಳೂರಿನ ಕೈಗಾರಿಕಾ ಹೊರವಲಯದಲ್ಲಿ ತಾಯ್ತನ ಮತ್ತು ಕ್ರೈಸ್ತ ಸಾಂತ್ವನ

ಪೀಣ್ಯ, ಬೊಮ್ಮನಹಳ್ಳಿ, ಎಲೆಕ್ಟ್ರಾನಿಕ್ ಸಿಟಿ ಕಡೆಯ ಸಭೆಗಳಲ್ಲಿ ತಾಯಂದಿರಿಗೆ ಧೈರ್ಯ ಹೇಳಬೇಕಾದಾಗ ನಾನು ಹೆಚ್ಚಾಗಿ ಕೇಳಿರುವುದು ಹನ್ನಳ ಕಥೆಯನ್ನು. ಸಮುವೇಲನ ಮೊದಲನೆಯ ಗ್ರಂಥದ ಮೊದಲ ಅಧ್ಯಾಯ ಅದು. ಮಕ್ಕಳಿಲ್ಲದ ಹೆಂಡತಿ, ಕೆಣಕುವ ಸವತಿ ಪೆನಿನ್ನ, ಶಿಲೋವಿನಲ್ಲಿ ಕಣ್ಣೀರಿನ ಪ್ರಾರ್ಥನೆ, ಕೊನೆಗೆ ಗಂಡುಮಗು. ಸಾಕ್ಷಿ ಹೇಳಲು ಎದ್ದು ನಿಲ್ಲುವ ಹೆಂಗಸರೂ ಇದೇ ಜಾಡು ಹಿಡಿಯುತ್ತಾರೆ: ಬೇಡಿಕೊಂಡೆ, ಕಾದೆ, ದೇವರು ಕೊಟ್ಟರು. ಬಂಜೆತನದ ಮಾತು ಕೇಳಿ ನೊಂದವರಿಗೆ ಈ ಕಥೆ ಆಸರೆಯಾಗುವುದು ಸಹಜ. ಆದರೆ ಈ ಹೊರವಲಯದ ದುಡಿಯುವ ತಾಯಂದಿರಲ್ಲಿ ಬಹುಮಂದಿಯ ಕಷ್ಟ ಆರಂಭವಾಗುವುದೇ ಮಗು ಹುಟ್ಟಿದ ಮೇಲೆ. ಅವರಿಗೆ ಬೇಕಾದ ಹನ್ನ ಎರಡನೆಯ ಅಧ್ಯಾಯದ 19ನೆಯ ವಚನದಲ್ಲಿದ್ದಾಳೆ. ಅಲ್ಲಿಯವರೆಗೆ ಬೋಧನೆ ಸಾಮಾನ್ಯವಾಗಿ ಹೋಗುವುದಿಲ್ಲ ಎಂಬುದು ಈ ಲೇಖನದ ತಕರಾರು.

ಮೊದಲ ಅಧ್ಯಾಯದಲ್ಲೇ ಬೋಧಕರು ಅವಸರದಲ್ಲಿ ದಾಟಿಬಿಡುವ ಎರಡು ಸಂಗತಿಗಳಿವೆ. ಪ್ರಾರ್ಥಿಸುವ ಹನ್ನಳ ತುಟಿ ಅಲುಗುತ್ತಿದೆ, ದನಿ ಕೇಳುತ್ತಿಲ್ಲ. ಯಾಜಕ ಏಲಿ ಆಕೆ ಕುಡಿದಿದ್ದಾಳೆಂದು ಭಾವಿಸಿ ಗದರುತ್ತಾನೆ. ಹನ್ನ ತಲೆತಗ್ಗಿಸಿ ಸುಮ್ಮನಾಗುವುದಿಲ್ಲ, ತನ್ನ ಸಂಕಟವನ್ನು ವಿವರಿಸುತ್ತಾಳೆ. ಏಲಿ ತಿದ್ದಿಕೊಂಡು ಹರಸುತ್ತಾನೆ, ಅದೂ ಆಕೆ ಬೇಡಿದ್ದು ಏನೆಂದು ಕೇಳದೆಯೇ. ಆಮೇಲೆ ಆಕೆ ಹೋಗಿ ಊಟ ಮಾಡುತ್ತಾಳೆ, ಮುಖದ ಕಳೆ ಬದಲಾಗುತ್ತದೆ. ಆಗಿನ್ನೂ ಆಕೆ ಗರ್ಭಿಣಿಯಲ್ಲ. ಅಂದರೆ ಗ್ರಂಥಕರ್ತೃ ಸಾಂತ್ವನವನ್ನು ವರಕ್ಕಿಂತ ಮುಂಚೆ ಇಟ್ಟಿದ್ದಾನೆ. ಹೇಳಿಕೊಳ್ಳಲು ಜಾಗ ಸಿಕ್ಕಿತು, ತಪ್ಪು ತಿಳಿದವನು ತಿದ್ದಿಕೊಂಡ. ಅಷ್ಟರಿಂದಲೇ ಆಕೆಗೆ ಅನ್ನ ಸೇರಿತು. ಬೇಡಿದ್ದಕ್ಕೆ ಸಿಕ್ಕಿತು ಎಂಬ ಸಾಕ್ಷಿಯ ಮಾದರಿಗೆ ಈ ಅನುಕ್ರಮ ಹೊಂದುವುದಿಲ್ಲ.

ಏಲಿಯ ತಪ್ಪು ಇಂದಿಗೂ ಮರುಕಳಿಸುತ್ತದೆ. ಹೆರಿಗೆಯ ನಂತರ ನಿದ್ದೆ ಬಿಟ್ಟು, ಮಗುವನ್ನು ಕಂಡರೂ ಮನಸ್ಸು ಅರಳದೆ ಕುಳಿತವಳನ್ನು ‘ನಂಬಿಕೆ ಸಾಲದು’ ಎಂದೋ, ಇನ್ನೂ ಮುಂದೆ ಹೋಗಿ ಕೆಟ್ಟ ಆತ್ಮದ ಕಾಟವೆಂದೋ ಓದುವವರಿದ್ದಾರೆ. ಇದೇ ಊರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಂಡು ಚಿಕಿತ್ಸೆ ನೀಡುವ ಘಟಕವಿದೆ. ಪ್ರಾರ್ಥನೆ ಮಾಡಿದ ಬಳಿಕ ಅಲ್ಲಿಗೆ ಕರೆದೊಯ್ಯುವ ಪಾಸ್ಟರಮ್ಮ, ನನ್ನ ದೃಷ್ಟಿಯಲ್ಲಿ, ಏಲಿ ತಿದ್ದಿಕೊಂಡ ಹಾಗೆಯೇ ತಿದ್ದಿಕೊಂಡವಳು.

ಈಗ ಅಂಗಿಯ ಮಾತಿಗೆ ಬರೋಣ. ಗಂಡುಮಗು ಹುಟ್ಟಿದರೆ ದೇವರಿಗೇ ಒಪ್ಪಿಸುವೆನೆಂದು ಹೊತ್ತ ಹರಕೆಯಂತೆ ಹನ್ನ ಮೊಲೆ ಬಿಟ್ಟ ಮಗು ಸಮುವೇಲನನ್ನು ಶಿಲೋವಿನಲ್ಲಿ ಬಿಟ್ಟು ತನ್ನೂರು ರಾಮಾಕ್ಕೆ ಮರಳುತ್ತಾಳೆ. ವರ್ಷಕ್ಕೊಮ್ಮೆ ಗಂಡನ ಜೊತೆ ಬಲಿಯರ್ಪಿಸಲು ಹೋಗುವಾಗ ಮಗನಿಗೊಂದು ಚಿಕ್ಕ ನಿಲುವಂಗಿ ಹೊಲಿದು ಒಯ್ಯುತ್ತಾಳೆ. ಗ್ರಂಥ ಹೇಳುವುದು ಇಷ್ಟೇ. ಹೊಲಿಗೆ ಬಲ್ಲವರಿಗೆ ಇದರೊಳಗಿನ ಕಷ್ಟ ಬೇಗ ಹೊಳೆಯುತ್ತದೆ: ಅಳತೆ ತೆಗೆಯಲು ಹುಡುಗ ಎದುರಿಗಿಲ್ಲ. ಹೋದ ವರ್ಷದ ಭುಜ, ಹೋದ ವರ್ಷದ ತೋಳು ಮಾತ್ರ ಗೊತ್ತು. ಉಳಿದದ್ದನ್ನು ಊಹಿಸಿ ಕತ್ತರಿಸಬೇಕು. ಸಮುವೇಲನ ಕಥೆಯುದ್ದಕ್ಕೂ ನಿಲುವಂಗಿ ಬೆನ್ನಟ್ಟಿ ಬರುತ್ತದೆ. ಎಂದೋರಿನ ಹೆಂಗಸು ಸತ್ತ ಸಮುವೇಲನನ್ನು ಎಬ್ಬಿಸಿದಾಗ ಅರಸ ಸೌಲನು ಅವನ ಗುರುತು ಹಿಡಿಯುವುದೂ ಮುದುಕನೊಬ್ಬ ನಿಲುವಂಗಿ ಹೊದ್ದು ಬರುತ್ತಿದ್ದಾನೆ ಎಂಬ ಮಾತಿನಿಂದಲೇ.

ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಲೈನಿನಲ್ಲಿ ಒಬ್ಬಳು ದಿನವಿಡೀ ಕಾಲರ್ ಕೂರಿಸುತ್ತಾಳೆ, ಇನ್ನೊಬ್ಬಳು ಕಫ್, ಮತ್ತೊಬ್ಬಳು ಜೇಬು. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಬೇರೆ. ಇಡೀ ಅಂಗಿ ಹೊಲಿದವಳು ಯಾರೂ ಇಲ್ಲ. ಮಂಡ್ಯ, ತುಮಕೂರು ಕಡೆಯಿಂದ ಬಂದ ಎಷ್ಟೋ ತಾಯಂದಿರ ಮಕ್ಕಳು ಊರಿನಲ್ಲಿ ಅಜ್ಜಿಯ ಬಳಿ ಬೆಳೆಯುತ್ತಾರೆ. ಕ್ರಿಸ್‌ಮಸ್‌ಗೋ ಹಬ್ಬಕ್ಕೋ ಊರಿಗೆ ಹೊರಟವಳು ಅಂಗಡಿಯಲ್ಲಿ ಮಗುವಿನ ಬಟ್ಟೆ ಹಿಡಿದು, ‘ಒಂದು ಸೈಜ್ ದೊಡ್ಡದೇ ಕೊಡಣ್ಣ’ ಎನ್ನುತ್ತಾಳೆ. ಹನ್ನ ಕತ್ತರಿ ಹಿಡಿದು ಮಾಡಿದ ಊಹೆಯೇ ಇದು. ಈ ಹೋಲಿಕೆಯನ್ನು ಎಳೆಯುವಾಗ ಒಂದು ಭೇದವನ್ನು ಮರೆಯಬಾರದು. ಹನ್ನ ಮಗುವನ್ನು ಬಿಟ್ಟದ್ದು ತಾನೇ ಹೊತ್ತ ಹರಕೆಗಾಗಿ. ಈಕೆ ಬಿಟ್ಟದ್ದು ಬಾಡಿಗೆಗಾಗಿ, ಮಗುವನ್ನು ನೋಡಿಕೊಳ್ಳುವವರಿಲ್ಲದ್ದಕ್ಕಾಗಿ. ಇದನ್ನೂ ‘ತ್ಯಾಗ’ ಎಂದು ವೇದಿಕೆಯಿಂದ ಹೊಗಳಿದರೆ ಹೊಗಳಿದವರಿಗೆ ಖರ್ಚಿಲ್ಲ.

ಕಾನೂನು ಇಲ್ಲದೆ ಇಲ್ಲ. 1948ರ ಕಾರ್ಖಾನೆ ಕಾಯ್ದೆ 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದಿತು. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ಹೆರಿಗೆ ರಜೆಯನ್ನು ಮೊದಲೆರಡು ಮಕ್ಕಳಿಗೆ 12 ವಾರಗಳಿಂದ 26ಕ್ಕೆ ಏರಿಸಿತು. ಆದರೆ ತುಂಬಿದ ಬಿಎಂಟಿಸಿ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ಬೆಳಗಿನ ಪಾಳಿಗೆ ಬರುವುದು ಹೇಗೆ ಎಂಬ ಪ್ರಶ್ನೆಗೆ ಕಾಯ್ದೆಯಲ್ಲಿ ಉತ್ತರವಿಲ್ಲ. ಈ ಹೆಂಗಸರು ಮೌನಿಗಳು ಎಂದೂ ತಿಳಿಯಬೇಕಿಲ್ಲ. ಭವಿಷ್ಯನಿಧಿ ಹಿಂಪಡೆಯಲು ಕೇಂದ್ರ ಸರ್ಕಾರ ನಿರ್ಬಂಧ ಹೇರಿದಾಗ 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಮಂದಿ ಹೊಸೂರು ರಸ್ತೆಗೂ ತುಮಕೂರು ರಸ್ತೆಗೂ ಇಳಿದರು, ಆದೇಶ ವಾಪಸಾಯಿತು. ಮಕ್ಕಳ ಫೀಸಿಗೆಂದು ನೆಚ್ಚಿಕೊಂಡ ಹಣವೂ ಅದರಲ್ಲಿತ್ತು. ಹನ್ನ ಏಲಿಗೆ ತಿರುಗಿ ಉತ್ತರಿಸಿದ ದನಿಯನ್ನು ಆ ಬೀದಿಯಲ್ಲೂ ಕೇಳಬಹುದು ಎಂದರೆ ಅತಿಯಾಗಲಾರದು.

ವೈಟ್‌ಫೀಲ್ಡಿನ ಚಿತ್ರ ಬೇರೆ. ಮೈಸೂರು ಅರಸರು ನೀಡಿದ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ನರಿಗಾಗಿ 1882ರಲ್ಲಿ ಹುಟ್ಟಿದ ಈ ಊರಿನ ಚರ್ಚುಗಳಿಗೆ ಇಂದು ಐಟಿ ಕುಟುಂಬಗಳು ಬರುತ್ತವೆ. ಅಲ್ಲಿ ಮಗು ಮನೆಯಲ್ಲೇ ಇದೆ, ರಾತ್ರಿಯ ಕಾಲ್ ಮುಗಿಸುವಷ್ಟರಲ್ಲಿ ನಿದ್ದೆ ಹೋಗಿರುತ್ತದೆ.

ಕಥೋಲಿಕರಲ್ಲಿ ತಾಯಂದಿರ ಸಂಕಟದ ಭಾರ ಹೊರುವವಳು ಮರಿಯಮ್ಮ. ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದಲ್ಲಿ ಸೆಪ್ಟೆಂಬರ್ 8ರ ಹಬ್ಬಕ್ಕೂ, ವಿವೇಕನಗರದ ಬಾಲಯೇಸುವಿನ ಗುರುವಾರಗಳಿಗೂ ಜಾತಿ ಮತ ನೋಡದೆ ತಾಯಂದಿರು ಮೇಣದಬತ್ತಿ ಹಿಡಿದು ಬರುತ್ತಾರೆ. ಆ ಸಾಲಿನಲ್ಲಿ ಯಾರೂ ಸಾಕ್ಷಿ ಹೇಳಬೇಕಿಲ್ಲ, ಫಲ ತೋರಿಸಬೇಕಿಲ್ಲ. ಪ್ರಾರ್ಥನಾ ಕೂಟದ ಮೈಕಿಗಿಂತ ಈ ಸಾಲು ಕೆಲವರಿಗೆ ಹಗುರವೆನಿಸುವುದು ಅದಕ್ಕೇ ಇರಬೇಕು.

ಸುವಾರ್ತೆಯ ಮರಿಯಳೂ ಮೌನದ ಪ್ರತಿಮೆಯಲ್ಲ. ಯೆರೂಸಲೇಮಿನಲ್ಲಿ ಕಳೆದುಹೋದ ಹನ್ನೆರಡು ವರ್ಷದ ಮಗ ಮೂರು ದಿನಗಳ ಮೇಲೆ ಸಿಕ್ಕಾಗ ಆಕೆ ಅವನನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ. ಹಲವು ಪ್ರೊಟೆಸ್ಟಂಟ್ ಸಭೆಗಳು ಬಳಸುವ ಪರಿಷ್ಕೃತ ಸಾಮಾನ್ಯ ಪಾಠಪಟ್ಟಿಯು ಲೂಕನ ಈ ಪ್ರಸಂಗವನ್ನೂ ಹನ್ನಳ ಅಂಗಿಯ ವಚನವನ್ನೂ ಒಂದೇ ದಿನಕ್ಕೆ, ಕ್ರಿಸ್‌ಮಸ್ ನಂತರದ ಮೊದಲ ಭಾನುವಾರಕ್ಕೆ, ಮೂರು ವರ್ಷಗಳಿಗೊಮ್ಮೆ ಜೋಡಿಸಿದೆ. ಪೀಣ್ಯದ ಬಾಡಿಗೆ ಮಹಡಿಗಳ ಸ್ವತಂತ್ರ ಸಭೆಗಳು ಸಾಮಾನ್ಯವಾಗಿ ಪಾಠಪಟ್ಟಿಯನ್ನು ಅನುಸರಿಸುವುದಿಲ್ಲ. ಯಾವ ವಾಕ್ಯ ಓದಬೇಕೆಂಬುದು ಪಾಸ್ಟರ ಆಯ್ಕೆ. ಊರಿಗೆ ಹೋಗಿ ಮಗುವಿಗೆ ಬಟ್ಟೆ ತೊಡಿಸಿ ನೋಡಿ, ಮತ್ತೆ ಬಿಟ್ಟು ಬಂದ ಹೆಂಗಸರು ಆ ಭಾನುವಾರ ಅಲ್ಲಿ ಕುಳಿತಿರುವುದರಿಂದ, ಆ ಆಯ್ಕೆಯನ್ನು ವ್ಯಾಖ್ಯಾನದ ಪ್ರಶ್ನೆ ಎಂದಷ್ಟೇ ನೋಡಲು ಬರುವುದಿಲ್ಲ.