ಗೃಹೋಪಯೋಗಿ ಖಾಸಗಿ ಬಾವಿಗಳು: ನೀರಿನ ಹಕ್ಕು ಮತ್ತು ಅನುಮತಿ (ಚಾಮರಾಜನಗರ ಮತ್ತು ಗುಂಡ್ಲುಪೇಟೆ)

ಸ್ವಂತ ಭೂಮಿಯ ಕೆಳಗಿರುವ ನೀರನ್ನು ತನ್ನ ಗಡಿಯೊಳಗೆ ಸಂಗ್ರಹಿಸಿ ಬಳಸುವ ಹಕ್ಕು ಭೂಮಾಲೀಕನಿಗಿದೆ ಎಂಬುದನ್ನು 1882ರ ಈಸ್‌ಮೆಂಟ್ ಅಧಿನಿಯಮವು ಗುರುತಿಸುತ್ತದೆ. ಆದರೆ ಸದರಿ ಹಕ್ಕು ರಾಜ್ಯದ ಅಂತರ್ಜಲ ಅಧಿನಿಯಮಗಳಿಗೆ ಒಳಪಟ್ಟಿರುತ್ತದೆ.

ಗುಂಡ್ಲುಪೇಟೆ ತಾಲ್ಲೂಕು ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದ್ದು, ಇಲ್ಲಿನ ನೆಲದಡಿ ಗಟ್ಟಿಶಿಲೆಯಿದೆ. ನೀರು ನಿಲ್ಲುವುದು ಶಿಥಿಲಗೊಂಡ ಮೇಲ್ಪದರ ಹಾಗೂ ಬಂಡೆಯ ಬಿರುಕುಗಳಲ್ಲಿ ಮಾತ್ರ. ಒಂದೇ ಬಿರುಕಿನಿಂದ ಎರಡು ಬಾವಿಗಳು ನೀರೆತ್ತಿದಾಗ ಆಳದ ಬಾವಿ ಉಳಿದು, ಕಡಿಮೆ ಆಳದ್ದು ಬತ್ತುವುದುಂಟು. ಈ ತಾಲ್ಲೂಕಿನ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ನಡೆದಿರುವ ಅಧ್ಯಯನಗಳು ಅಂತರ್ಜಲ ಮಟ್ಟದ ಕುಸಿತವನ್ನು ದಾಖಲಿಸಿವೆ. ತೆಂಗಿನಕಾಯಿ ಹಿಡಿದು ಜಾಗ ಗುರುತಿಸುವ ರೂಢಿ ಇದ್ದರೂ, ಭೂವಿಜ್ಞಾನಿಗಳ ಸಲಹೆ ಪಡೆಯುವುದು ಸೂಕ್ತ.

1999ರ ಕುಡಿಯುವ ನೀರಿನ ಮೂಲಗಳ ಸಂರಕ್ಷಣಾ ಅಧಿನಿಯಮದ ಪ್ರಕಾರ, ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಅಂತರದೊಳಗೆ ಸಕ್ಷಮ ಪ್ರಾಧಿಕಾರದ ಅನುಮತಿಯಿಲ್ಲದೆ ಬಾವಿ ತೆಗೆಯುವಂತಿಲ್ಲ. ಊರೊಳಗಿನ ನಿವೇಶನಗಳು ಬಹುತೇಕ ಈ ಅಂತರದೊಳಗೇ ಬರುವುದರಿಂದ, ಮನೆ ಬಳಕೆಗಷ್ಟೇ ಎಂಬ ಕಾರಣಕ್ಕೆ ಅನುಮತಿ ಬೇಡವೆಂದು ಭಾವಿಸತಕ್ಕದ್ದಲ್ಲ.

2011ರ ಅಂತರ್ಜಲ (ಅಭಿವೃದ್ಧಿ ಮತ್ತು ನಿರ್ವಹಣೆ ವಿನಿಯಮನ ಮತ್ತು ನಿಯಂತ್ರಣ) ಅಧಿನಿಯಮವು ಅಧಿಸೂಚಿತ ಪ್ರದೇಶಗಳಿಗೆ ಅನ್ವಯಿಸುತ್ತದೆ. ಅಲ್ಲಿ ಹೊಸ ಬಾವಿಗೆ ಅನುಮತಿಯೂ, ಹಳೆಯ ಬಾವಿಗೆ ನೋಂದಣಿಯೂ ಅವಶ್ಯ. ಉದ್ದೇಶ, ನೀರಿನ ಲಭ್ಯತೆ, ಸಮೀಪದ ಬಾವಿಗಳಿಂದ ಇರುವ ಅಂತರ ಮತ್ತು ಕುಡಿಯುವ ನೀರಿನ ಮೂಲದ ಮೇಲಾಗುವ ಪರಿಣಾಮವನ್ನು ಪರಿಶೀಲಿಸಿ ಅರ್ಜಿ ಇತ್ಯರ್ಥಪಡಿಸಲಾಗುವುದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಅಂತರ್ಜಲ ಸಮಿತಿ ಇರುತ್ತದೆ. ತಮ್ಮ ಸರ್ವೆ ನಂಬರು ಅಧಿಸೂಚಿತ ಪ್ರದೇಶದಲ್ಲಿದೆಯೇ ಎಂಬುದನ್ನು ರಿಗ್ ಮಾಲೀಕರಿಗೆ ಮುಂಗಡ ಕೊಡುವ ಮೊದಲೇ ಜಿಲ್ಲಾ ಅಂತರ್ಜಲ ಕಛೇರಿಯಲ್ಲಿ ಖಚಿತಪಡಿಸಿಕೊಳ್ಳುವುದು. ನೀರು ಬಿದ್ದ ಮೇಲೆ ಅನುಮತಿ ಕೋರುವುದು ಕ್ರಮವಲ್ಲ. ರಿಗ್ ಸಂಸ್ಥೆಯ ನೋಂದಣಿ ಪತ್ರವನ್ನೂ ಕೇಳಿ ನೋಡತಕ್ಕದ್ದು.

ಸರ್ವೋಚ್ಚ ನ್ಯಾಯಾಲಯದ 2010ರ ಮಾರ್ಗಸೂಚಿಗಳಂತೆ, ಕೊಳವೆ ಬಾವಿ ಕೊರೆಯುವುದಕ್ಕೆ ಕನಿಷ್ಠ 15 ದಿನ ಮೊದಲು ಸಂಬಂಧಿಸಿದ ಅಧಿಕಾರಿಗಳಿಗೆ ಲಿಖಿತ ಮಾಹಿತಿ ನೀಡಬೇಕು. ಕೆಲಸದ ಸ್ಥಳಕ್ಕೆ ಬೇಲಿ ಮತ್ತು ಸೂಚನಾ ಫಲಕ, ಕೇಸಿಂಗ್ ಪೈಪಿಗೆ ಉಕ್ಕಿನ ಮುಚ್ಚಳ ಕಡ್ಡಾಯ. ನೀರು ಬಾರದ ಕೊಳವೆ ಬಾವಿಯನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕು. ಗೋಣಿಚೀಲ ಅಥವಾ ಚಪ್ಪಡಿ ಕಲ್ಲು ಮುಚ್ಚಿದರೆ ಸಾಲದು. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಕೊಳವೆ ಬಾವಿಗೆ ಬಿದ್ದ ಮಗುವನ್ನು ಸುಮಾರು 20 ಗಂಟೆಗಳ ಕಾರ್ಯಾಚರಣೆಯ ನಂತರ ಜೀವಂತವಾಗಿ ಹೊರತೆಗೆಯಲಾಯಿತು. ಅದೇ ವರ್ಷದ ತಿದ್ದುಪಡಿಯ ಮೇರೆಗೆ, ವಿಫಲ ಕೊಳವೆ ಬಾವಿಯನ್ನು ಮುಚ್ಚದೆ ಬಿಡುವುದು ಕಾರಾವಾಸ ಮತ್ತು ದಂಡಕ್ಕೆ ಗುರಿಯಾಗುವ ಅಪರಾಧವಾಗಿರುತ್ತದೆ.