ಚಿಗರಿಗೆ ಬೇಕಾದದ್ದು ಬಯಲು

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಿಆರ್‌ಟಿಎಸ್ ಬಸ್ಸಿನ ಹೆಸರು ‘ಚಿಗರಿ’. ಪುಸ್ತಕದ ಕೃಷ್ಣಮೃಗ ನಮ್ಮ ಕಡೆಯ ಬಾಯಲ್ಲಿ ಚಿಗರಿ. ಬಸ್ಸು ಹತ್ತುವವರಲ್ಲಿ ನಿಜವಾದ ಚಿಗರಿ ಕಂಡವರು ಕಡಿಮೆಯೇ ಇರಬೇಕು. ಕಾಣಬೇಕಾದರೆ ಹೆದ್ದಾರಿ ಹಿಡಿದು ರಾಣೆಬೆನ್ನೂರಿಗೆ ಹೋಗಬೇಕು.

1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೆ ರಾಣೆಬೆನ್ನೂರು ಧಾರವಾಡ ಜಿಲ್ಲೆಯದೇ ತಾಲ್ಲೂಕು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಎರಡೇ ವರ್ಷಕ್ಕೆ, 1974ರಲ್ಲಿ, ಇಲ್ಲಿನ 119 ಚದರ ಕಿಲೋಮೀಟರ್ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾಯಿತು. ದಾಂಡೇಲಿಯ ದಟ್ಟ ಕಾಡಿಗೆ ಆ ಮಾನ 1956ರಲ್ಲೇ ಸಿಕ್ಕಿತ್ತು. ಒಣ ಬಯಲಿಗೆ ಸಿಕ್ಕದ್ದೇ ದೊಡ್ಡ ಮಾತು. ಏಕೆಂದರೆ ನಮ್ಮ ಅರಣ್ಯಶಾಸ್ತ್ರ ಹುಟ್ಟಿದ್ದೇ ತೇಗದ ಲೆಕ್ಕದಿಂದ. ಮರ ಕೊಡದ ನೆಲಕ್ಕೆ ಅದರ ಕಡತದಲ್ಲಿದ್ದ ಹೆಸರು ‘ಬಂಜರು’.

ಆದರೆ ಅಭಯಾರಣ್ಯದ ಬಹುಪಾಲು ನೀಲಗಿರಿ ತೋಪಾಗಿತ್ತು. ಚಿಗರಿಯ ರಕ್ಷಣೆ ಅದರ ಕಣ್ಣು ಮತ್ತು ಕಾಲು: ತೋಳವನ್ನು ದೂರದಿಂದಲೇ ಕಾಣಬೇಕು, ಅಡ್ಡಿಯಿಲ್ಲದೆ ಓಡಬೇಕು. ಸಾಲು ಮರದ ನಡುವೆ ಎರಡೂ ಕೆಲಸಕ್ಕೆ ಬಾರವು. ಆದರೂ ಚಿಗರಿ ಹೇಗೋ ಹೊಂದಿಕೊಂಡು ಸಾವಿರಗಟ್ಟಲೆ ಉಳಿಯಿತು. ಎರ್ಲಡ್ಡು ಹಕ್ಕಿಗೆ ಅದು ಆಗಲಿಲ್ಲ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ ಇಡುವ ಹಕ್ಕಿ ಅದು. ಒಂದು ಕಾಲಕ್ಕೆ ಇಲ್ಲಿದ್ದದ್ದು ಈಗ ಇಲ್ಲ. ರಾಜ್ಯದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಬಳ್ಳಾರಿಯ ಸಿರುಗುಪ್ಪದ ಕಡೆ ಉಳಿದಿವೆ.

ನೀಲಗಿರಿಯ ಕಥೆ ಅಭಯಾರಣ್ಯದ ಬೇಲಿಯೊಳಗೇ ಮುಗಿಯುವುದಿಲ್ಲ. ಇದೇ ತಾಲ್ಲೂಕಿನ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್‌ನ ತಿರುಳಿನ ಕಾರ್ಖಾನೆ. ಅದಕ್ಕೆ ಮರ ಒದಗಿಸಲು 1984ರಲ್ಲಿ ಸರಕಾರವೂ ಸೇರಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಆಯಿತು. ಸುಮಾರು 30,000 ಹೆಕ್ಟೇರ್ ಗಾಂವಠಾಣ, ಗೋಮಾಳದಂಥ ನೆಲ ನೀಲಗಿರಿಗೆ ಹೋಗುವುದಿತ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಎಸ್.ಆರ್. ಹಿರೇಮಠರ ಮುಂದಾಳತ್ವದಲ್ಲಿ, ಅದರ ವಿರುದ್ಧ ನಿಂತಿತು. ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ‘ಕಿತ್ತಿಕೋ-ಹಚ್ಚಿಕೋ’ ಎಂದೇ ಆ ಸತ್ಯಾಗ್ರಹದ ಹೆಸರು. 1991ರಲ್ಲಿ ಕಂಪನಿ ಮುಚ್ಚಿತು. ಅವರು ಹೋರಾಡಿದ್ದು ದನದ ಮೇವಿಗೆ, ಉರುವಲಿಗೆ, ಚಿಗರಿಗಲ್ಲ. ಆದರೆ ದನ ಬದುಕುವ ಹುಲ್ಲೇ ಚಿಗರಿಗೂ ಬೇಕಾದದ್ದು.

ಹಾಗಾದರೆ ಅಭಯಾರಣ್ಯದ ನೀಲಗಿರಿಯನ್ನು ಕಿತ್ತರಾಯಿತಲ್ಲ? ಅಷ್ಟು ಸಲೀಸಲ್ಲ. ಕಾಯ್ದೆಯ 29ನೆಯ ಕಲಂ ಪ್ರಕಾರ ಅಭಯಾರಣ್ಯದೊಳಗಿನ ಮರ ತೆಗೆಯಬೇಕಾದರೆ ಅದು ವನ್ಯಜೀವಿಗಳ ಒಳಿತಿಗೇ ಎಂದು ಸರಕಾರಕ್ಕೆ ಮನವರಿಕೆಯಾಗಬೇಕು. 2000ದ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಸತ್ತ ಮರ, ಹುಲ್ಲನ್ನೂ ತೆಗೆಯದಂತೆ ತಡೆಯಿತು. ಕಳ್ಳ ಕಡಿತ ತಡೆಯಲು ಕಟ್ಟಿದ ಈ ಬಿಗಿ ಕಟ್ಟು ಪಶ್ಚಿಮಘಟ್ಟದ ಕಾಡನ್ನು ಉಳಿಸಿದೆ, ಅದರಲ್ಲಿ ಸಂಶಯವಿಲ್ಲ. ಬಯಲಿನ ಮಟ್ಟಿಗೆ ಮಾತ್ರ ಅದು ತೋಪಿನ ಕಾವಲುಗಾರ. 2017ರಲ್ಲಿ ರಾಜ್ಯ ಹೊಸ ನೀಲಗಿರಿ ನೆಡುವುದನ್ನು ನಿಷೇಧಿಸಿತು, ಹಳೆಯದು ನಿಂತೇ ಇದೆ.

ತೋಪಿನಡಿ ಹುಲ್ಲು ಸಾಲದಾದಾಗ ಚಿಗರಿ ಪಕ್ಕದ ಹೊಲಕ್ಕೆ ಇಳಿಯುತ್ತದೆ. ಅಭಯಾರಣ್ಯದ ಗಡಿಯ ರೈತ, ಬಿತ್ತಿದ ಗೋವಿನಜೋಳ ಎಳೆಯದಿರುವಾಗ, ರಾತ್ರಿ ಬ್ಯಾಟರಿ ಹಿಡಿದು ಹೊಲ ಕಾಯುತ್ತಾನೆ.